ಒಂದೇ ಹಿತ್ತಿಲು, ಎರಡು ತೋಟ: ಕರಾವಳಿಯಲ್ಲಿ ಮನೆಗೆ ಬೇಕಾದ ತರಕಾರಿ, ಹಣ್ಣು ಬೆಳೆಯುವ ಬಗೆ

ಉಡುಪಿ, ಮಂಗಳೂರಿನ ಕಡೆ ಹೊಸದಾಗಿ ಕೈತೋಟ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮೊದಲ ವರ್ಷವೇ ಕೈಬಿಡುವುದು ಗೊಬ್ಬರ ಸಾಲದೆ ಅಲ್ಲ, ಮಳೆಯ ಲೆಕ್ಕ ತಪ್ಪಿ. ಘಟ್ಟದ ಮೇಲಿನ ಊರುಗಳಿಗೆ ಹೊಂದುವ ಕ್ರಮವನ್ನು ಓದಿ, ಜೂನ್ ತಿಂಗಳಲ್ಲಿ ಗುಂಡಿ ತೋಡಿ ಟೊಮೆಟೊ ಸಸಿ ನೆಟ್ಟರೆ ಜುಲೈ ಮುಗಿಯುವುದರೊಳಗೆ ಅದು ಕೊಳೆತಿರುತ್ತದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ, ಉಳಿದ ತಿಂಗಳುಗಳಲ್ಲಿ ಬಾವಿಯ ನೀರನ್ನೇ ನೆಚ್ಚಬೇಕಾದ ನೆಲ ನಮ್ಮದು. ಹಾಗಾಗಿ ಇಲ್ಲಿ ಒಂದು ಹಿತ್ತಿಲಿನಲ್ಲಿ ವರ್ಷಕ್ಕೆ ಎರಡು ತೋಟಗಳಿರಬೇಕು. ಮಳೆಯನ್ನು ತಾಳಿಕೊಂಡು ಬೆಳೆಯುವುದು ಒಂದು, ಮಳೆ ಹಿಂದೆ ಸರಿದ ಮೇಲೆ ಬೆಳೆಯುವುದು ಇನ್ನೊಂದು. ಈ ಎರಡರ ಬೆಳೆಗಳೂ ಬೇರೆ, ನೆಲವನ್ನು ಸಿದ್ಧಪಡಿಸುವ ಬಗೆಯೂ ಬೇರೆ.

ಮೊದಲು ನೀರು ಹೋಗುವ ದಾರಿ

ಬೀಜ ಕೊಳ್ಳುವುದಕ್ಕೂ ಮೊದಲು ಒಂದು ಜೋರು ಮಳೆ ಬಂದ ದಿನ ಕೊಡೆ ಹಿಡಿದುಕೊಂಡು ಹಿತ್ತಿಲಿಗೆ ಒಂದು ಸುತ್ತು ಬರಬೇಕು. ಮಾಡಿನ ನೀರು ಎಲ್ಲಿ ಬೀಳುತ್ತದೆ, ಅಂಗಳದ ನೀರು ಯಾವ ಮೂಲೆಗೆ ಹರಿಯುತ್ತದೆ, ಮಳೆ ನಿಂತು ಅರ್ಧ ಗಂಟೆಯಾದರೂ ಎಲ್ಲಿ ನೀರು ನಿಂತೇ ಇರುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಅಲ್ಲಲ್ಲಿ ಒಂದೊಂದು ಗೂಟ ಊರಿಡಬೇಕು. ನೀರು ನಿಲ್ಲುವ ಜಾಗದಲ್ಲಿ ಕೆಸು ಬಿಟ್ಟರೆ ಬೇರೆ ಯಾವ ತರಕಾರಿಯೂ ಸುಖವಾಗಿ ಬೆಳೆಯದು. ಮನೆ ಕಟ್ಟುವಾಗ ಮಣ್ಣು ಕಡಿದು ಸಮತಟ್ಟು ಮಾಡಿದ ಜಾಗವಾದರೆ ಕೆಳಗೆ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು ಗಟ್ಟಿಯಾಗಿ ನಿಂತಿರುತ್ತದೆ. ಅಂಥ ಕಡೆ ತೋಡಿದ ಗುಂಡಿ ಮಳೆಗಾಲದಲ್ಲಿ ನೀರು ತುಂಬಿದ ಕೊಡಪಾನವಾಗುತ್ತದೆಯೇ ಹೊರತು ಗಿಡಕ್ಕೆ ಆಸರೆಯಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಆರು ಪಪ್ಪಾಯಿ ಗಿಡಗಳನ್ನು ಕಳೆದುಕೊಂಡ ಮೇಲೆ. ಪಿಕ್ಕಾಸಿನಿಂದ ಕಲ್ಲು ಒಡೆದು, ಎರಡಡಿ ಆಳದ ಗುಂಡಿಗಳಿಗೆ ಹಟ್ಟಿಗೊಬ್ಬರ ತುಂಬಿ, ಬಹಳ ಆಸೆಯಿಂದ ನೆಟ್ಟಿದ್ದೆ. ಜುಲೈ ಎರಡನೆಯ ವಾರದಲ್ಲಿ ಎಲೆಗಳೆಲ್ಲ ಹಳದಿಯಾಗಿ ಜೋತುಬಿದ್ದವು. ಒಂದು ಗಿಡವನ್ನು ಮೆಲ್ಲನೆ ಎಳೆದು ನೋಡಿದರೆ ಬುಡ ಕೈಯಲ್ಲೇ ಕಳಚಿ ಬಂತು, ಬೇರು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿತ್ತು. ಮರುವರ್ಷ ಅದೇ ಜಾಗದಲ್ಲಿ ಗುಂಡಿಯ ಗೊಡವೆಗೇ ಹೋಗದೆ, ನೆಲದ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ರಾಶಿ ಹಾಕಿ, ಅದರ ನೆತ್ತಿಯಲ್ಲಿ ಸಸಿ ನೆಟ್ಟೆ. ಆ ಗಿಡಗಳು ಮಳೆ ದಾಟಿ ಹಣ್ಣು ಕೊಟ್ಟವು.

ತರಕಾರಿಗೂ ಕ್ರಮ ಇದೇ. ಎರಡೂವರೆ, ಮೂರು ಅಡಿ ಅಗಲದ ಏರುಮಡಿಗಳನ್ನು ನೆಲದಿಂದ ಕನಿಷ್ಠ ಒಂದು ಅಡಿ ಎತ್ತರಕ್ಕೆ ಏರಿಸಿ, ಎರಡು ಮಡಿಗಳ ನಡುವೆ ಒಂದಡಿ ಅಗಲದ ಕಣಿ ಬಿಡಬೇಕು. ಎಲ್ಲ ಕಣಿಗಳೂ ಇಳಿಜಾರಿನತ್ತ ಹೋಗಿ ಒಂದು ದೊಡ್ಡ ಕಣಿಯನ್ನು ಸೇರಬೇಕು. ಮಡಿಯ ಅಂಚಿಗೆ ಅಡಿಕೆ ಮರದ ಸೀಳುಗಳನ್ನೋ ಕಲ್ಲಿನ ತುಂಡುಗಳನ್ನೋ ಇಟ್ಟರೆ ಮಣ್ಣು ಕೊಚ್ಚಿಹೋಗುವುದಿಲ್ಲ. ಮಡಿ ನಡುವಿನಲ್ಲಿ ಸ್ವಲ್ಪ ಉಬ್ಬಿದ್ದು ಎರಡೂ ಬದಿಗೆ ಇಳಿದಿರಲಿ. ಚಪ್ಪಟೆಯಾಗಿದ್ದರೆ ಬೀಜ ಹಾಕಿದ ಹೊಂಡಗಳಲ್ಲೇ ನೀರು ಕೂರುತ್ತದೆ.

ಸುಣ್ಣ, ಸುಡುಮಣ್ಣು, ಸೊಪ್ಪು

ಇಷ್ಟು ಮಳೆಯಲ್ಲಿ ತೊಯ್ದ ಮಣ್ಣಿನಿಂದ ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲ ತೊಳೆದುಹೋಗುವುದರಿಂದ ಕರಾವಳಿಯ ಮಣ್ಣು ಸಾಮಾನ್ಯವಾಗಿ ಹುಳಿಮಣ್ಣು. ಎಷ್ಟು ಗೊಬ್ಬರ ಹಾಕಿದರೂ ಗಿಡ ಮೇಲೇಳುತ್ತಿಲ್ಲ ಎಂಬ ದೂರಿನ ಹಿಂದೆ ಅನೇಕ ವೇಳೆ ಇರುವುದು ಇದೇ ಕಾರಣ. ಬ್ರಹ್ಮಾವರದಲ್ಲಿಯೂ ಮಂಗಳೂರಿನ ಕಂಕನಾಡಿಯಲ್ಲಿಯೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿಕೊಂಡು, ಅಲ್ಲಿ ಹೇಳಿದ ಪ್ರಮಾಣದಲ್ಲಿ ಸುಣ್ಣ ಹಾಕುವುದು ಸರಿಯಾದ ಮಾರ್ಗ. ಅದಕ್ಕೆ ಅನುಕೂಲವಿಲ್ಲದಿದ್ದರೆ ಒಂದು ಚದರ ಮೀಟರ್ ಜಾಗಕ್ಕೆ 50ರಿಂದ 60 ಗ್ರಾಂ, ಅಂದರೆ ಒಂದು ಮುಷ್ಟಿಯಷ್ಟು ಸುಣ್ಣದ ಹುಡಿಯನ್ನು ಮೊದಲ ಮಳೆ ಬಿದ್ದು ಮಣ್ಣು ಹಸಿಯಾದಾಗ ಕೆದಕಿ ಬೆರೆಸಬಹುದು. ಮರುವಾಯಿ ಚಿಪ್ಪು, ಅಂದರೆ ಕಪ್ಪೆಚಿಪ್ಪು ಸುಟ್ಟು ಮಾಡಿದ ಸುಣ್ಣ ಸಿಕ್ಕಿದರೆ ಒಳ್ಳೆಯದು. ಸುಣ್ಣ ಹಾಕಿದ ಮೇಲೆ ಎರಡು ವಾರ ಬಿಟ್ಟು ಗೊಬ್ಬರ ಹಾಕಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದಲ್ಲಿರುವ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಇನ್ನು ಸುಡುಮಣ್ಣಿನ ವಿಚಾರ. ನಮ್ಮ ಹಿರಿಯರು ತರಕಾರಿಗೆ ಇದಿಲ್ಲದೆ ಕೈಹಾಕುತ್ತಿರಲಿಲ್ಲ, ಮತ್ತು ನನ್ನ ಅನುಭವದಲ್ಲಿ ಅಂಗಡಿಯ ಯಾವ ಗೊಬ್ಬರವೂ ಇದರ ಜಾಗವನ್ನು ತುಂಬಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಲದಲ್ಲಿ ಗುಡಿಸಿದ ತರಗೆಲೆ, ಒಣಗಿದ ಕಡ್ಡಿ, ತೆಂಗಿನ ಸಿಪ್ಪೆಯ ಚೂರುಗಳನ್ನು ಮೊಣಕಾಲೆತ್ತರಕ್ಕೆ ರಾಶಿ ಮಾಡಿ, ಅದರ ಮೇಲೆ ಹುಲ್ಲಿನ ಬೇರು ಸಮೇತ ಕೆತ್ತಿದ ಮೇಲ್ಮಣ್ಣನ್ನು ಮೂರು, ನಾಲ್ಕು ಇಂಚು ದಪ್ಪಕ್ಕೆ ಹೊದಿಸಬೇಕು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಒಂದು ಸಣ್ಣ ಬಾಯಿ ಬಿಟ್ಟು ಅಲ್ಲಿ ಬೆಂಕಿ ಕೊಡಬೇಕು. ಇದು ಉರಿಯಬಾರದು, ಒಳಗೊಳಗೇ ಬೇಯಬೇಕು. ಎಲ್ಲಾದರೂ ಜ್ವಾಲೆ ಹೊರಗೆ ಕಂಡರೆ ತಕ್ಷಣ ಅಲ್ಲಿಗೆ ಒಂದು ಬುಟ್ಟಿ ಮಣ್ಣು ಹಾಕಬೇಕು. ಒಂದೆರಡು ದಿನ ಹೊಗೆಯಾಡಿ ಆರಿದ ಮೇಲೆ ಕೈಯಲ್ಲಿ ಹಿಡಿದು ನೋಡಿದರೆ ಮಣ್ಣು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಕಪ್ಪು ಇದ್ದಿಲಿನ ಚೂರುಗಳೊಂದಿಗೆ ಹುಡಿಹುಡಿಯಾಗಿ ಬೆರಳ ಸಂದಿನಿಂದ ಜಾರುತ್ತದೆ. ಹುಲ್ಲಿನ ಬೀಜ, ಹುಳದ ಮೊಟ್ಟೆ, ರೋಗಾಣುಗಳಲ್ಲಿ ಬಹಳಷ್ಟು ಈ ಬಿಸಿಗೆ ಸತ್ತಿರುತ್ತವೆ, ಬೂದಿಯ ಪೊಟ್ಯಾಶ್ ಸೇರಿರುತ್ತದೆ, ನೀರೂ ಬೇಗ ಇಳಿಯುತ್ತದೆ. ಮಳೆಗೆ ನೆನೆಯದಂತೆ ಚೀಲಗಳಲ್ಲಿ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟುಕೊಂಡರೆ ವರ್ಷವಿಡೀ ಬಳಸಬಹುದು. ಅಕ್ಕಪಕ್ಕದಲ್ಲಿ ಒತ್ತಾಗಿ ಮನೆಗಳಿರುವ ಪೇಟೆಯಲ್ಲಿ ಮಾತ್ರ ಇದನ್ನು ಮಾಡಬಾರದು. ಆ ಹೊಗೆ ಮಕ್ಕಳಿಗೂ ವಯಸ್ಸಾದವರಿಗೂ ತೊಂದರೆ ಕೊಡುತ್ತದೆ. ಅಂಥವರು ಹಳ್ಳಿಯಿಂದ ನಾಲ್ಕು ಚೀಲ ತರಿಸಿಕೊಳ್ಳುವುದು ಮೇಲು.

ಮಡಿಯ ಮಿಶ್ರಣಕ್ಕೆ ಮೇಲ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಒಂದು ಪಾಲು, ಸುಡುಮಣ್ಣು ಒಂದು ಪಾಲು ಸಾಕು. ಗಿಡ ಏಳುತ್ತಿದ್ದಂತೆ ಬುಡಕ್ಕೆ ಸೊಪ್ಪು ಮುಚ್ಚಬೇಕು. ಬೇಲಿಯ ಉದ್ದಕ್ಕೂ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ ನೆಟ್ಟುಕೊಂಡರೆ ಸೊಪ್ಪಿಗಾಗಿ ಬೇರೆಲ್ಲೂ ಹೋಗಬೇಕಾಗಿಲ್ಲ.

ಮಳೆಗಾಲದ ತೋಟ

ತುಳುವರ ಬೇಶ ತಿಂಗಳ ಹತ್ತನೆಯ ದಿನ ಬರುವ ಪತ್ತನಾಜೆಯ ಆಸುಪಾಸಿನಲ್ಲಿ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬೀಜ ಮಣ್ಣಿಗೆ ಬಿದ್ದಿರಬೇಕು. ಮುಂಗಾರಿನ ದಪ್ಪ ಹನಿ ಬೀಳಲು ತೊಡಗುವ ಹೊತ್ತಿಗೆ ಗಿಡಕ್ಕೆ ನಾಲ್ಕೈದು ಎಲೆ ಬಂದು ಬೇರು ಗಟ್ಟಿಯಾಗಿದ್ದರೆ ಅದು ಉಳಿಯುತ್ತದೆ. ಮಳೆ ಹಿಡಿದ ಮೇಲೆ ಬಿತ್ತಿದ ಬೀಜ ಕೊಳೆಯುವುದೇ ಹೆಚ್ಚು. ಬೆಂಡೆ, ಮುಳ್ಳುಸೌತೆ, ಹೀರೆ, ಹಾಗಲ, ಪಡವಲ, ಅಲಸಂಡೆ, ತೊಂಡೆ ಇವು ಮಳೆಗಾಲದ ತೋಟದ ಬೆಳೆಗಳು. ಮೇ ಕೊನೆಗೆ ಬಿತ್ತಿದ ಬೆಂಡೆ, ಮುಳ್ಳುಸೌತೆಗಳು ಸುಮಾರು 45 ದಿನಗಳಲ್ಲಿ, ಹೀರೆ, ಹಾಗಲಗಳು ಇನ್ನೂ ಹತ್ತು, ಹದಿನೈದು ದಿನ ಕಳೆದು ಕಾಯಿ ಕೊಡಲು ತೊಡಗುತ್ತವೆ. ಅಷ್ಟಮಿ, ಚೌತಿ, ಕರಾವಳಿಯ ಕ್ರೈಸ್ತರ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಹೀಗೆ ಒಂದರ ಹಿಂದೆ ಒಂದು ಹಬ್ಬಗಳು ಬರುವಾಗ ಹಿತ್ತಿಲಿನಲ್ಲಿ ಕಾಯಿ ತುಂಬಿರುವುದು ಇದೇ ಲೆಕ್ಕಾಚಾರದಿಂದ. ಮೊಂತಿ ಹಬ್ಬದ ಊಟಕ್ಕೆ ಬೆಸ ಸಂಖ್ಯೆಯ ತರಕಾರಿಗಳ ಅಡುಗೆ ಮಾಡುವ ಮನೆಗಳಲ್ಲಿ ಸ್ವಂತ ಹಿತ್ತಿಲಿನದ್ದೇ ಐದು ಬಗೆ ಸಿಗುವುದು ಸಣ್ಣ ಸಂತೋಷವೇನಲ್ಲ.

ಬೆಂಡೆಗೆ ಮೊದಲ ಸ್ಥಾನ ಕೊಡುತ್ತೇನೆ. ನಮ್ಮ ಕಡೆಯ ತಿಳಿಬಣ್ಣದ ಉದ್ದನೆಯ ಹಾಲುಬೆಂಡೆ ಮಳೆಗೆ ಹೆದರುವುದಿಲ್ಲ. ಒಂದೂವರೆ, ಎರಡು ಅಡಿಗೊಂದು ಗಿಡವಿದ್ದರೆ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ಎಲೆಯ ನರಗಳು ಹಳದಿಯಾಗುವ ರೋಗ ಹಿಂದಿನ ವರ್ಷ ಕಾಡಿದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ತಳಿಯನ್ನು ಹಾಕಬಹುದು. ಬಳ್ಳಿ ತರಕಾರಿಗಳಿಗೆ ಬೀಜ ಹಾಕುವಾಗಲೇ ಚಪ್ಪರ ಸಿದ್ಧವಿರಬೇಕು. ಆಟಿ ತಿಂಗಳ, ಅಂದರೆ ಜುಲೈ, ಆಗಸ್ಟ್‌ನ ಗಾಳಿಮಳೆಗೆ ತಾಳುವಂತೆ ಅಡಿಕೆ ಮರದ ಕಂಬ ಊರಿ, ಆರಡಿ ಎತ್ತರದಲ್ಲಿ ತಂತಿ ಎಳೆದು, ಅದರ ಮೇಲೆ ಹಗ್ಗದ ಬಲೆ ಕಟ್ಟಿದರೆ ಎರಡು, ಮೂರು ವರ್ಷ ಬಾಳುತ್ತದೆ. ತೊಂಡೆಗೆ ಬೀಜ ಬೇಡ. ಕಾಯಿ ಬಿಡುವ ಬಳ್ಳಿಯಿಂದಲೇ ಹೆಬ್ಬೆರಳು ಗಾತ್ರದ ದಂಟಿನ ತುಂಡು ತಂದು ಓರೆಯಾಗಿ ಊರಿದರೆ ಸಾಕು.

ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ ಎಂಬುದು ಬಳ್ಳಿಗಳ ಬಗ್ಗೆ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ. ಎಡೆಬಿಡದೆ ಮಳೆ ಸುರಿಯುವಾಗ ಜೇನುನೊಣ ಹೊರಗೆ ಬರುವುದಿಲ್ಲ, ಹಾಗಾಗಿ ಪರಾಗಸ್ಪರ್ಶ ಆಗುವುದಿಲ್ಲ. ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಹುಡಿಯನ್ನು ಹೆಣ್ಣುಹೂವಿನ ನಡುವಿಗೆ ಮೆತ್ತಗೆ ಸವರಬೇಕು. ಹೂವಿನ ಕೆಳಗೆ ಎಳೆಗಾಯಿ ಇರುವುದು ಹೆಣ್ಣು, ಬರೀ ತೊಟ್ಟಿರುವುದು ಗಂಡು. ಕುಂಬಳ, ಮುಳ್ಳುಸೌತೆ, ಹಾಗಲಗಳ ಹೂ ಬೆಳಿಗ್ಗೆ ಅರಳುವುದರಿಂದ ಒಂಬತ್ತು ಗಂಟೆಯೊಳಗೆ ಈ ಕೆಲಸ ಮುಗಿಯಬೇಕು. ಹೀರೆಯ ಹೂ ಅರಳುವುದೇ ಸಂಜೆ, ಅದಕ್ಕೆ ಐದು ಗಂಟೆಯ ಮೇಲೆ ಹೋಗಬೇಕು. ಈ ವ್ಯತ್ಯಾಸ ತಿಳಿಯದೆ ಬೆಳಿಗ್ಗೆ ಬಾಡಿದ ಹೀರೆ ಹೂವನ್ನು ತಿಕ್ಕಿ ನಿರಾಶರಾದವರನ್ನು ಕಂಡಿದ್ದೇನೆ.

ಕಾಯಿ ನಿಂತ ಮೇಲೆ ಎದುರಾಗುವುದು ಹಣ್ಣುನೊಣ. ಬೆರಳುದ್ದದ ಎಳೆ ಹಾಗಲಕಾಯಿ ಒಂದು ಕಡೆ ಡೊಂಕಾಗಿ ಹಳದಿಯಾಗಿದ್ದರೆ ಅದನ್ನು ಕಿತ್ತು ಸೀಳಿ ನೋಡಿ. ಅಕ್ಕಿಕಾಳಿನಂಥ ಬಿಳಿಯ ಹುಳಗಳು ಒಳಗೆ ಹೊರಳಾಡುತ್ತಿರುತ್ತವೆ. ತಾಯಿನೊಣ ಸಿಪ್ಪೆಗೆ ಸೂಜಿಮೊನೆಯಷ್ಟು ತೂತು ಮಾಡಿ ಒಳಗೆ ಮೊಟ್ಟೆಯಿಡುವುದರಿಂದ ಹೊರಗೆ ಸಿಂಪಡಿಸಿದ ಔಷಧ ಆ ಹುಳಕ್ಕೆ ತಲುಪುವುದೇ ಇಲ್ಲ. ಹೂ ಉದುರಿದ ಮರುದಿನವೇ ಪ್ರತಿ ಎಳೆಗಾಯಿಗೂ ಕಾಗದದ ಕೊಳವೆಯನ್ನೋ ತೆಳು ಬಟ್ಟೆಯ ಚೀಲವನ್ನೋ ತೊಡಿಸುವುದು ಮನೆಮಟ್ಟಿಗೆ ಎಲ್ಲಕ್ಕಿಂತ ಖಚಿತವಾದ ಉಪಾಯ. ಮಳೆಗೆ ಕಾಗದ ಹರಿಯುವುದರಿಂದ ನಾನು ಹಳೆಯ ಸೀರೆಯ ತುಂಡುಗಳಿಂದ ಚೀಲ ಹೊಲಿದಿಟ್ಟುಕೊಂಡಿದ್ದೇನೆ. ಇದರ ಜೊತೆಗೆ ಕ್ಯೂಲ್ಯೂರ್ ಎಂಬ ಆಕರ್ಷಕವಿರುವ ಮೋಹಕ ಬಲೆಯೊಂದನ್ನು ಹೂ ಬಿಡುವ ಮೊದಲೇ ತೂಗುಹಾಕಬೇಕು. ಅದಕ್ಕೆ ಬೀಳುವುದು ಗಂಡುನೊಣಗಳು ಮಾತ್ರವಾದ್ದರಿಂದ ಬಲೆಯೊಂದನ್ನೇ ನಂಬಿ ಕೂರುವಂತಿಲ್ಲ. ಮಾವು, ಪೇರಳೆಗಳ ನೊಣಕ್ಕೆ ಮೀಥೈಲ್ ಯೂಜಿನಾಲ್ ಎಂಬ ಬೇರೆಯೇ ಆಕರ್ಷಕ ಬೇಕು. ಅಂಗಡಿಯಲ್ಲಿ ಯಾವುದಕ್ಕೆಂದು ಹೇಳಿಯೇ ಕೊಳ್ಳಬೇಕು. ಹುಳ ಹಿಡಿದು ಉದುರಿದ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಎಸೆಯದೆ, ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಂಟುಕಟ್ಟಿ ಬಿಸಿಲಿಗಿಡಬೇಕು ಅಥವಾ ಬೆಂಕಿಗೆ ಹಾಕಬೇಕು. ಇಲ್ಲದಿದ್ದರೆ ಆ ಹುಳಗಳು ಮಣ್ಣಿಗಿಳಿದು, ಕೋಶ ಕಟ್ಟಿ, ಹೊಸ ನೊಣಗಳಾಗಿ ಏಳುತ್ತವೆ.

ಮಳೆಗಾಲದ ರಾತ್ರಿಗಳಲ್ಲಿ ಆಫ್ರಿಕನ್ ಬಸವನಹುಳ ಬಂದು ಎಳೆಸಸಿಗಳನ್ನು ಬುಡಸಮೇತ ಮೇಯುತ್ತದೆ. ಸಂಜೆ ಒದ್ದೆ ಗೋಣಿಯ ಅಡಿಯಲ್ಲಿ ಪಪ್ಪಾಯಿ ಎಲೆಗಳನ್ನಿಟ್ಟರೆ ಬೆಳಗಾಗುವಾಗ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಹೆಕ್ಕಿ ಉಪ್ಪುನೀರಿನ ಬಾಲ್ದಿಗೆ ಹಾಕಬೇಕು. ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರಿಗೆ ರೋಗ ತರುವ ಪರೋಪಜೀವಿಗಳು ಅದರಲ್ಲಿರಬಹುದು.

ಮಳೆ ಹೋದ ಮೇಲೆ

ಅಕ್ಟೋಬರ್‌ನಲ್ಲಿ ಬಳ್ಳಿಗಳನ್ನು ಕಿತ್ತು, ಮಡಿಗಳನ್ನು ಮತ್ತೊಮ್ಮೆ ಕೆದಕಿ ಗೊಬ್ಬರ ಸೇರಿಸಿದರೆ ಎರಡನೆಯ ತೋಟ ಆರಂಭವಾಗುತ್ತದೆ. ಈಗ ಏರುಮಡಿಯ ಎತ್ತರ ಬೇಕಿಲ್ಲ, ಅರ್ಧ ಅಡಿ ಸಾಕು. ನೀರು ಹೋಗಲಿ ಎಂಬ ಚಿಂತೆ ಮುಗಿದು ನೀರು ಉಳಿಯಲಿ ಎಂಬ ಚಿಂತೆ ತೊಡಗುತ್ತದೆ. ಹರಿವೆ, ಬಸಳೆ, ಬದನೆ, ಮೆಣಸು, ಟೊಮೆಟೊ, ಮೂಲಂಗಿ, ಬಣ್ಣದ ಸೌತೆ, ಬೂದುಗುಂಬಳ, ಎರಡನೆಯ ಸರದಿಯ ಅಲಸಂಡೆ ಈ ಕಾಲದವು.

ಹೊಸಬರು ಹರಿವೆಯಿಂದ ಆರಂಭಿಸಲಿ. ಸಾಸಿವೆಗಿಂತ ಸಣ್ಣ ಬೀಜವನ್ನು ಒಂದು ಹಿಡಿ ಹೊಯ್ಗೆಯೊಂದಿಗೆ, ಅಂದರೆ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಸುಡುಮಣ್ಣು ಉದುರಿಸಿದರೆ ಸಮನಾಗಿ ಮೊಳೆಯುತ್ತದೆ. ಇರುವೆ ಬೀಜ ಹೊತ್ತೊಯ್ಯದಂತೆ ಮಡಿಯ ಸುತ್ತ ಅರಶಿನ ಹುಡಿಯನ್ನೋ ಬೂದಿಯನ್ನೋ ಎಳೆಯುವುದು ರೂಢಿ. 25ರಿಂದ 30 ದಿನಗಳಲ್ಲಿ ಎಳೆಯ ಸೊಪ್ಪು ಸಿಗುತ್ತದೆ, ಕೆಲವನ್ನು ಬಿಟ್ಟರೆ ದಂಟಿಗಾಗುತ್ತದೆ. ಬಸಳೆಗೆ ಬಲಿತ ದಂಟಿನ ಗೇಣುದ್ದದ ತುಂಡು ಸಾಕು. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಹೋಗುವಲ್ಲಿ ಅದನ್ನು ಊರಿ ಚಪ್ಪರಕ್ಕೆ ಹಬ್ಬಿಸುವುದು ನಮ್ಮ ಮನೆಗಳ ಹಳೆಯ ಕ್ರಮ. ಸಾಬೂನಿನ ನೀರು ಮಾತ್ರ ಅತ್ತ ಹೋಗಬಾರದು.

ಬದನೆ, ಟೊಮೆಟೊ, ಮೆಣಸಿಗೆ ಕರಾವಳಿಯಲ್ಲಿ ದೊಡ್ಡ ಶತ್ರು ಸೊರಗು ರೋಗ. ನಿನ್ನೆಯವರೆಗೆ ಹಸಿರಾಗಿದ್ದ ಗಿಡ ಇಂದು ಮಧ್ಯಾಹ್ನ ಎಲೆ ಇಳಿಬಿಟ್ಟು ನಿಂತಿದ್ದರೆ, ನೀರು ಕಡಿಮೆಯಾಯಿತೆಂದು ಇನ್ನಷ್ಟು ಹನಿಸುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಬುಡದ ಹತ್ತಿರದ ಕಾಂಡದಿಂದ ಎರಡಿಂಚು ತುಂಡು ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ಅದರ ತುದಿ ಮುಳುಗುವಂತೆ ಹಿಡಿದುಕೊಂಡರೆ, ರೋಗವಿದ್ದಲ್ಲಿ ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುವುದು ಕಾಣುತ್ತದೆ. ಅದು ಬ್ಯಾಕ್ಟೀರಿಯಾ. ಅಂಥ ಗಿಡಕ್ಕೆ ಮದ್ದಿಲ್ಲ. ಬೇರಿನ ಮಣ್ಣು ಸಮೇತ ತೆಗೆದು ಸುಡಬೇಕು, ಆ ಮಡಿಯಲ್ಲಿ ಎರಡು, ಮೂರು ವರ್ಷ ಬದನೆಯ ಜಾತಿಯ ಯಾವುದನ್ನೂ ನೆಡದೆ ಅಲಸಂಡೆಯನ್ನೋ ಹರಿವೆಯನ್ನೋ ಬೆಳೆಯಬೇಕು. ರೋಗ ತಡೆಯುವ ತಳಿಗಳೂ ಇವೆ. ಟೊಮೆಟೊದಲ್ಲಿ ಅರ್ಕಾ ರಕ್ಷಕ್, ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ್ ಅಂಥವು. ಬದನೆಯ ಜಾತಿಯದೇ ಆದ ಕಾಡುಸುಂಡೆಯ ಬೇರಿನ ಮೇಲೆ ಕಸಿ ಕಟ್ಟಿದ ಬದನೆ ಸಸಿ ಸಿಕ್ಕಿದರೆ ಬಿಡಬೇಡಿ.

ಗುಳ್ಳದ, ಅಂದರೆ ದುಂಡು ಬದನೆಯ ಆಸೆಯುಳ್ಳವರಿಗೆ ಒಂದು ಮಾತು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ ಕಟಪಾಡಿ ಸಮೀಪದ ಮಟ್ಟು ಊರಿನದು. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದೆಂದು ಊರಿನವರು ಅದನ್ನು ಭಕ್ತಿಯಿಂದ ಬೆಳೆಯುತ್ತಾರೆ. ಆ ಬೀಜ ನಮ್ಮ ಹಿತ್ತಿಲಿನಲ್ಲೂ ಗಿಡವಾಗುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಆ ತೆಳು ಸಿಪ್ಪೆ, ಆ ರುಚಿ ಮಟ್ಟುವಿನ ಮಣ್ಣಿಗೆ ಸೇರಿದ್ದೆಂಬುದು ನನ್ನ ಅಭಿಪ್ರಾಯ. ಹುಳಿಗೆ ಬೇಕಾದರೆ ಅಲ್ಲಿಂದಲೇ ಕೊಳ್ಳುವುದು ಬೆಳೆಗಾರರಿಗೂ ಒಳ್ಳೆಯದು.

ಹದಿನೈದು ದಿನಕ್ಕೊಮ್ಮೆ ಎಲ್ಲ ಗಿಡಗಳಿಗೂ ನಾನು ಕೊಡುವುದು ನೆಲಗಡಲೆ ಹಿಂಡಿಯ ನೀರು. ಒಂದು ಕಿಲೋ ಹಿಂಡಿ, ಒಂದು ಕಿಲೋ ಹಸಿ ಸೆಗಣಿಯನ್ನು ಹತ್ತು ಲೀಟರ್ ನೀರಿನಲ್ಲಿ ಕಲಸಿ, ನಾಲ್ಕೈದು ದಿನ ಮುಚ್ಚಿಟ್ಟು, ದಿನಕ್ಕೊಮ್ಮೆ ಕಲಕಿ, ಬಳಿಕ ಹತ್ತು ಪಟ್ಟು ನೀರು ಬೆರೆಸಿ ಬುಡಕ್ಕೆ ಹೊಯ್ಯಬೇಕು. ಅಲಸಂಡೆಯ ತುದಿಗೆ ಕಪ್ಪು ಹೇನು ಮುತ್ತಿದರೆ ಮೊದಲು ತುದಿಯನ್ನೇ ಚಿವುಟಿ ಹಾಕಿ, ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ ಮತ್ತು ಸ್ವಲ್ಪ ಸಾಬೂನು ಕದಡಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಬೇಕು.

ಹಣ್ಣಿನ ಗಿಡಗಳು

ಹತ್ತು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಕೊಂಡವರು ಮಾವು, ಹಲಸು ಎರಡನ್ನೂ ನೆಟ್ಟರೆ ಹತ್ತು ವರ್ಷಗಳಲ್ಲಿ ತರಕಾರಿಗೆ ಬಿಸಿಲೇ ಉಳಿಯುವುದಿಲ್ಲ. ತರಕಾರಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಆದುದರಿಂದ ದೊಡ್ಡ ಮರ ಒಂದೇ ಇರಲಿ, ಅದೂ ಗಡಿಯ ಬದಿಯಲ್ಲಿರಲಿ. ಉಳಿದಂತೆ ಪಪ್ಪಾಯಿ, ಬಾಳೆ, ಪೇರಳೆ, ಬಿಂಬುಳಿ, ಚಿಕ್ಕು ಸಣ್ಣ ಹಿತ್ತಿಲಿಗೆ ಹೊಂದುತ್ತವೆ. ಒಂದು ಜೀಗುಜ್ಜೆ, ಅಂದರೆ ದಿವಿಹಲಸಿನ ಮರಕ್ಕೆ ಜಾಗ ಮಾಡಿಕೊಳ್ಳಲು ಸಾಧ್ಯವಾದರೆ ಮನೆಗೂ ನೆರೆಮನೆಗಳಿಗೂ ಆಗುವಷ್ಟು ಸಿಗುತ್ತದೆ. ಜೀಗುಜ್ಜೆಗೆ ಬೀಜವಿಲ್ಲ. ಮರದ ಬೇರಿನಿಂದ ಮೇಲೆದ್ದ ಕಂದನ್ನು ಬೇರಿನ ತುಂಡು ಸಮೇತ ಬಿಡಿಸಿ ತೊಟ್ಟೆಯಲ್ಲಿ ಬೆಳೆಸಿ ನೆಡಬೇಕು.

ಪುನರ್ಪುಳಿಯಲ್ಲಿ, ಅಂದರೆ ಕೋಕಂನಲ್ಲಿ ಗಂಡುಮರ, ಹೆಣ್ಣುಮರಗಳು ಬೇರೆಬೇರೆ. ಬೀಜದ ಸಸಿಗಳಲ್ಲಿ ಯಾವುದು ಯಾವುದೆಂದು ಹೂ ಬಿಡುವವರೆಗೆ ತಿಳಿಯದು. ಹೆಣ್ಣುಮರದಿಂದ ಕಟ್ಟಿದ ಕಸಿ ಗಿಡವೆಂದು ಹೇಳಿ ಕೊಟ್ಟದ್ದನ್ನು ನಂಬಿ ನಾನು ಎಂಟು ವರ್ಷ ಸಾಕಿದ ಗಿಡ ಕೊನೆಗೆ ಗಂಡುಹೂ ಮಾತ್ರ ಬಿಟ್ಟಿತು. ಕೊಳ್ಳುವಾಗ ಬುಡದಿಂದ ಒಂದು ಗೇಣಿನೊಳಗೆ ಕಸಿ ಕಟ್ಟಿದ ಗಂಟು ಇದೆಯೇ ಎಂದು ಬೆರಳಾಡಿಸಿ ನೋಡಬೇಕು. ನೆಡುವಾಗ ಆ ಗಂಟು ಮಣ್ಣಿನಿಂದ ಮೇಲಿರಬೇಕು, ಅದರ ಕೆಳಗೆ ಬಂದ ಚಿಗುರನ್ನೆಲ್ಲ ಚಿವುಟುತ್ತಿರಬೇಕು. ನೆಡಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಸೂಕ್ತ. ಮಳೆಯ ರಭಸ ಇಳಿದಿರುತ್ತದೆ, ಬೇಸಗೆಗೆ ಮೊದಲು ಬೇರೂರಲು ಹಸಿಯೂ ಉಳಿದಿರುತ್ತದೆ. ಮೊದಲ ಎರಡು ಬೇಸಗೆಗಳಲ್ಲಿ ಎಳೆಗಿಡದ ನೈಋತ್ಯ ಬದಿಗೆ ತೆಂಗಿನ ಮಡಲು ಊರಿ ಮಧ್ಯಾಹ್ನದ ಬಿಸಿಲನ್ನು ತಡೆಯಬೇಕು.

ಬೀಜ ಎತ್ತಿಡುವುದು

ಮೊದಲ ಎರಡು, ಮೂರು ಕಾಯಿಗಳನ್ನು ಬಿಟ್ಟು, ಗಿಡ ಹುರುಪಿನಲ್ಲಿರುವಾಗ ಬಂದ ನಡುಗಾಲದ ಒಳ್ಳೆಯ ಕಾಯಿಯೊಂದಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿ ಬಲಿಯಲು ಬಿಡಬೇಕು. ಬೆಂಡೆ, ಹೀರೆ, ಅಲಸಂಡೆ ಗಿಡದಲ್ಲೇ ಒಣಗಬೇಕು. ಮುಳ್ಳುಸೌತೆಯ ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಬೇಕು. ಹಿಂದೆ ಇದನ್ನು ಬೂದಿಯೊಂದಿಗೆ ಕಲಸಿ ಅಡುಗೆಮನೆಯ ಗೋಡೆಗೆ ಅಂಟಿಸಿಡುತ್ತಿದ್ದರು. ಬಣ್ಣದ ಸೌತೆಯ ಬೀಜವನ್ನು ಬೇರೆಯಾಗಿ ತೆಗೆದಿಡುವ ಅಗತ್ಯವೇ ಬೀಳದು. ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದ ಕಾಯಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಹುಳಿಗೆ ಕೊಯ್ದ ದಿನ ಬೀಜ ಎತ್ತಿಕೊಂಡರಾಯಿತು. ಹೈಬ್ರಿಡ್ ತಳಿಗಳ ಬೀಜ ಮಾತ್ರ ಎತ್ತಿಡುವುದರಿಂದ ಪ್ರಯೋಜನವಿಲ್ಲ, ತಾಯಿಗಿಡದ ಗುಣ ಮುಂದಿನ ಪೀಳಿಗೆಗೆ ಹಾಗೆಯೇ ಬರುವುದಿಲ್ಲ. ಚೆನ್ನಾಗಿ ಒಣಗಿದ ಬೀಜವನ್ನು ಬೂದಿಯೊಂದಿಗೆ ಗಾಜಿನ ಭರಣಿಗೆ ಹಾಕಿ, ಹೆಸರು, ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿ, ಅರ್ಧವನ್ನು ನೆರೆಮನೆಯವರಿಗೆ ಕೊಟ್ಟಿಡಿ. ಒಂದು ವರ್ಷ ನಮ್ಮಲ್ಲಿ ಬೆಳೆ ಕೆಟ್ಟರೆ ಮುಂದಿನ ಪತ್ತನಾಜೆಗೆ ಅವರಲ್ಲಿ ಕೇಳಿ ತರಬಹುದು.